ಹಗೇವಿನ ಮೇಲಿನ ಟಾಕಿ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ನಾನು ಮದುವೆಯಾಗಿ ಆ ಊರಿಗೆ ಬಂದ ಮರುದಿನವೇ ನೀರಿಗೆ ಹೋದೆ. ಆ ನೀರಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮುದುಕಿಯಾದೆ, ಹಲ್ಲು ಬಿದ್ದವು, ಅರ್ಧ ಊರಿನ ಹೆಸರು ಮರೆತೆ, ಸಿಟ್ಟು ಮಾತ್ರ ಹೋಗಲಿಲ್ಲ.

ನನ್ನ ತವರು ನರಗುಂದದ ಕಡೆ. ಕೊಟ್ಟ ಊರು ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿ ಬಿಟ್ಟು ಒಳಗೆ ಸರಿದಿದ್ದ ಒಂದು ಹಳ್ಳಿ. ಸುತ್ತಲೂ ಎರೆಭೂಮಿ. ಬಿಳಿಜೋಳ, ಕಡಲೆ, ಹತ್ತಿ ಬೆಳೆದು ನಿಂತಾಗ ನೋಡಿದವರು ಇಲ್ಲಿಯವರಿಗೇನು ಕಡಿಮೆ ಎನ್ನಬೇಕು. ಆದರೆ ಎಲ್ಲಿ ಬಾವಿ ತೋಡಿದರೂ ಸವುಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಬಾಯಿಗೆ ಹಾಕಿದರೆ ಉಗುಳಬೇಕು. ಸಿಹಿನೀರು ಇದ್ದದ್ದು ಒಂದೇ ಒಂದು ಹಳೆಯ ಬಾವಿಯಲ್ಲಿ. ಮೆಟ್ಟಿಲಿಳಿದು ಹೋಗಿ, ಸೀರೆ ಎತ್ತಿ ಕಟ್ಟಿ, ಮೊಣಕಾಲ ತನಕ ನೀರಿಗಿಳಿದು, ತೇಲುವ ಕಸವನ್ನು ಕೈಯಿಂದ ಆಚೆ ಸರಿಸಿ ಕೊಡ ಮುಳುಗಿಸಬೇಕು. ಕಾಲು ತೊಳೆಯುವುದೂ ಅಲ್ಲೇ, ಕುಡಿಯುವುದೂ ಅದನ್ನೇ. ಊರ ಹೊರಗಿನ ಕೇರಿಯ ಹೆಂಗಸರಿಗೆ ಇಳಿಯುವುದಕ್ಕೂ ಬಿಡುತ್ತಿರಲಿಲ್ಲ. ಅವರು ಮೇಲೆ ಬಿಸಿಲಿನಲ್ಲಿ ನಿಂತು, ಯಾರಾದರೂ ಮನಸ್ಸು ಬಂದು ಕೊಡಕ್ಕೆ ಸುರುವಿದರೆ ಒಯ್ಯುತ್ತಿದ್ದರು.

ಆ ಊರಿನಲ್ಲಿ ಬೇಸಿಗೆಗೆ ಬರುವ ಬೇನೆಯೊಂದಿತ್ತು. ನಾರು ಎನ್ನುತ್ತಿದ್ದರು. ಕಾಲಿನಲ್ಲಿ ಎಲ್ಲೋ ಒಂದು ಕಡೆ ಬೊಬ್ಬೆ ಏಳುತ್ತದೆ, ಕೆಂಡ ಇಟ್ಟಂತೆ ಉರಿಯುತ್ತದೆ, ಅದು ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಅದನ್ನು ಕಸಬರಿಗೆಯ ಕಡ್ಡಿಗೆ ಸುತ್ತಿ, ದಿನಾ ಸ್ವಲ್ಪ ಸ್ವಲ್ಪ ಹೊರಗೆ ಎಳೆಯಬೇಕು. ಅವಸರ ಮಾಡಿ ಹುಳ ನಡುವೆ ಹರಿಯಿತೋ, ಕಾಲು ಬಾತು ಕೀವು ತುಂಬಿ ಹಾಸಿಗೆ ಹಿಡಿಯುವುದೇ. ಉರಿ ತಾಳಲಾರದೆ ಎಲ್ಲರೂ ಬಾವಿಗಿಳಿದು ತಣ್ಣೀರಿನಲ್ಲಿ ಕಾಲಿಟ್ಟು ಕೂಡುತ್ತಿದ್ದರು. ಸುಗ್ಗಿಯ ಹೊತ್ತಿಗೋ ಬಿತ್ತುವ ಹೊತ್ತಿಗೋ ಮನೆಗೊಬ್ಬರಂತೂ ಕಾಲು ಚಾಚಿ ಬಿದ್ದಿರುತ್ತಿದ್ದರು. ಹೊಲದಲ್ಲಿ ತೆನೆ ನಿಂತಿದೆ, ಹೋಗಿ ಕೊಯ್ಯಲು ಕಾಲಿಲ್ಲ. ನಮ್ಮ ಊರಿನ ಬಡತನ ಬಂದದ್ದು ಆ ದಾರಿಯಿಂದ. ಜನ ಅದನ್ನು ದೇವರ ಕಾಟ ಎಂದು ಹರಕೆ ಹೊತ್ತು ಸುಮ್ಮನಾಗುತ್ತಿದ್ದರು.

ನನ್ನ ಗಂಡನ ಅಣ್ಣನ ಹೆಂಡತಿ, ಎಂದರೆ ನನ್ನ ನೆಗೆಣ್ಣಿ, ನನಗಿಂತ ನಾಲ್ಕಾರು ವರ್ಷ ದೊಡ್ಡವಳು. ನೆಗೆಣ್ಣಿಯರೆಂದರೆ ಹಾವು ಮುಂಗುಸಿ ಎಂದು ತವರಿನಲ್ಲಿ ಹೆದರಿಸಿ ಕಳಿಸಿದ್ದರು. ಇವಳೋ ಮೊದಲ ದಿನವೇ ತನ್ನ ಪಾಲಿನ ಹುಗ್ಗಿಯನ್ನು ನನ್ನ ತಾಟಿಗೆ ಹಾಕಿದವಳು. ನಾನು ಬರುವ ಮೊದಲೇ ಅವಳ ಬಲ ಮೊಣಕಾಲಿನಲ್ಲಿ ನಾರು ಎದ್ದಿತ್ತು. ಎಳೆಯುವಾಗ ಹರಿದು, ಕಾಲು ಬಾತು, ಕೀವು ಇಳಿದ ಮೇಲೆ ಮೊಣಕಾಲು ಮಡಚದೆ ಕೋಲಿನಂತೆ ಉಳಿದುಬಿಟ್ಟಿತ್ತು. ಆ ಕಾಲನ್ನು ಎಳೆದುಕೊಂಡು, ಗೋಡೆ ಹಿಡಿದು, ಪಾಚಿಗಟ್ಟಿದ ಮೆಟ್ಟಿಲು ಇಳಿಯುತ್ತಿದ್ದಳು. ತನ್ನ ಕಾಲಿಗಾಗಿ ಅತ್ತದ್ದನ್ನು ನಾನು ನೋಡಲಿಲ್ಲ. ಅವಳಿಗೆ ಒಬ್ಬಳೇ ಮಗಳು, ಆಗಿನ್ನೂ ಅಂಗಳದಲ್ಲಿ ಬರಿಗಾಲಲ್ಲಿ ಕುಣಿಯುವ ಕೂಸು. ಸಂಜೆ ಅದರ ಕಾಲು ತೊಳೆಯುವಾಗ ಹಿಮ್ಮಡಿ, ಮೀನಖಂಡ, ಮೊಣಕಾಲು ಎಲ್ಲವನ್ನೂ ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು.

"ನನಗ ಏನ ಬರೂದೈತೋ ಬರ್ಲಿ ತಂಗಿ. ಇದಕ್ಕೊಂದು ಬರಬಾರದು" ಎನ್ನುತ್ತಿದ್ದಳು. ಅವಳ ಬದುಕಿನಲ್ಲಿ ಬೇರೆ ಬೇಡಿಕೆ ಇದ್ದದ್ದನ್ನು ನಾನು ಕೇಳಲಿಲ್ಲ.

ಐವತ್ತರ ದಶಕದ ನಡುವಿನ ಮಾತು. ನಾವಿನ್ನೂ ಮುಂಬಯಿ ಸರಕಾರಕ್ಕೆ ಸೇರಿದ್ದೆವು. ಒಂದು ಚಳಿಗಾಲ ರೋಣದಿಂದ ಜೀಪೊಂದು ಬಂತು. ಅದರಲ್ಲಿ ಧಾರವಾಡದ ಕಡೆಯ ಒಬ್ಬ ಇಂಜಿನಿಯರ್ ಸಾಹೇಬರು, ಜೊತೆಗೆ ಬಿಸಿಲಿಗೆ ಮೂಗು ಸುಲಿದುಹೋಗಿದ್ದ ಉದ್ದನೆಯ ಪರದೇಶದ ಮನುಷ್ಯ. ಯಾವುದೋ ದೂರದ ದೇಶದವರು ಬಡ ಹಳ್ಳಿಗಳಿಗೆ ಎಂಜಿನ್ನು, ಕೊಳವೆ ಕೊಡುತ್ತಾರಂತೆ, ಅವನು ಅವರ ಕಡೆಯವನು. ಊರು ಅವನನ್ನು ಕೆಂಪು ಸಾಹೇಬ ಎಂದು ಕರೆಯಿತು. ಅವನು ಬಾವಿಗಿಳಿದು ಗಾಜಿನ ಲೋಟದಲ್ಲಿ ನೀರು ತುಂಬಿ ತಂದು, ಬಿಸಿಲಿಗೆ ಹಿಡಿದು, ಒಬ್ಬೊಬ್ಬರಿಗೂ ತೋರಿಸಿದ. ನೀರಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು ಜಿಗಿಯುತ್ತಿದ್ದವು.

ಇಂಜಿನಿಯರ್ ಸಾಹೇಬರು ಬಿಡಿಸಿ ಹೇಳಿದರು: "ನಾರು ಆದವ್ರು ಕಾಲಿಟ್ರ ಹುಳಾ ನೀರಾಗ ಮರಿ ಬಿಡತೈತ್ರಿ. ಆ ಮರಿ ಈ ಚುಕ್ಕಿ ಹೊಟ್ಟ್ಯಾಗ ಹೊಕ್ಕೊಂತಾವು. ಆ ನೀರು ನೀವು ಕುಡೀತೀರಿ. ವರ್ಷಾಗೂದ್ರಾಗ ನಿಮ್ಮ ಕಾಲಾಗ ಬರತೈತಿ. ಮನಷ್ಯಾರ ಕಾಲು ನೀರು ಮುಟ್ಟದಂಗ ಮಾಡಿದ್ರ ಸಾಕ್ರಿ, ನಾರು ಈ ಊರು ಬಿಟ್ಟು ಹೋಗತೈತಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನನ್ನ ನೆಗೆಣ್ಣಿ ನಗಲಿಲ್ಲ. ಅವತ್ತೇ ಮನೆಗೆ ಬಂದು ಹಳೆಯ ಸೀರೆಯೊಂದನ್ನು ಹರಿದು, ಮಡಿಕೆ ಮಡಿಕೆ ಮಾಡಿ, ಕೊಡದ ಬಾಯಿಗೆ ಕಟ್ಟಿದಳು. ಅವತ್ತಿನಿಂದ ಮನೆಯಲ್ಲಿ ಸೋಸದ ನೀರನ್ನು ಯಾರ ಬಾಯಿಗೂ ಹಾಕಗೊಡಲಿಲ್ಲ. ಅತ್ತೆ ಮೂಗು ಮುರಿದರು.

ಸಾಹೇಬರು ಹೇಳಿದ ಕೆಲಸ ಸರಳವಾಗಿತ್ತು. ಬಾವಿಯ ಮೆಟ್ಟಿಲಿಗೆ ಅಡ್ಡ ಕಲ್ಲುಗೋಡೆ ಕಟ್ಟಿ ಇಳಿಯುವ ದಾರಿ ಮುಚ್ಚುವುದು. ಎಂಜಿನ್ನು ಇಟ್ಟು ನೀರೆತ್ತಿ, ಊರ ಅಗಸಿಬಾಗಿಲ ಹತ್ತಿರ ಎತ್ತರದ ಜಾಗದಲ್ಲಿ ಕಲ್ಲಿನ ಕಟ್ಟೆ ಕಟ್ಟಿ, ಅದರ ಮೇಲೆ ಕಬ್ಬಿಣದ ಟಾಕಿ ಇಡುವುದು. ಟಾಕಿಯಿಂದ ಊರ ಕಡೆಗೆ ಒಂದಿಷ್ಟು ನಳ, ಕೇರಿಯ ಕಡೆಗೆ ಒಂದಿಷ್ಟು ನಳ. ಕೇರಿಗೂ ಅದೇ ಟಾಕಿಯ ನೀರೆಂದಾಗ ಕೆಲವರ ಹುಬ್ಬು ಮೇಲೇರಿತು. ಪುಕ್ಕಟೆ ಬರುವುದನ್ನು ಬೇಡವೆನ್ನುವಷ್ಟು ಮಾತ್ರ ಏರಲಿಲ್ಲ.

ಅಗಸಿಯ ಬಳಿಯ ನೆಲ ಗಟ್ಟಿ ಗರಸು. ಎರೆಮಣ್ಣಿನ ಮೇಲೆ ಭಾರ ಇಟ್ಟರೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆಂದು ಸಾಹೇಬರು ಹುಡುಕಿ ಹುಡುಕಿ ಆ ಜಾಗ ಆರಿಸಿದ್ದರು. ಒಂದು ಮೂಲೆಯಲ್ಲಿ ಗುಂಡಿ ತೋಡಿಸಿ ನೋಡಿದರು, ಹಾರೆ ಕುಣಿಯುವಂಥ ನೆಲ. ಆಮೇಲೆ ಅಲ್ಲಿ ಕೂತಿದ್ದ ಹಿರಿಯರಲ್ಲಿ ಎಲ್ಲರಿಗಿಂತ ಹಿರಿಯರಾದ ನಮ್ಮ ಮಾವನನ್ನೇ ಕೇಳಿದರು. ನಾನೂ ನೆಗೆಣ್ಣಿಯೂ ಕೊಡ ಹೊತ್ತು ಬರುತ್ತಿದ್ದವರು ಸೆರಗು ಎಳೆದುಕೊಂಡು ಗೋಡೆಯ ಮಗ್ಗುಲಿಗೆ ನಿಂತು ಕೇಳಿದೆವು.

"ಯಜಮಾನ್ರ, ಇಲ್ಲೆ ಹಗೇವು ಏನರ ಅದಾವೇನ್ರಿ? ಖರೇ ಹೇಳ್ರಿ, ಕೆಳಗ ಟೊಳ್ಳ ಇದ್ರ ಟಾಕಿ ನಿಲ್ಲೂದಿಲ್ಲ."

"ಇಲ್ರಿ ಸಾಹೇಬ್ರ" ಎಂದರು ಮಾವ. "ನಮ್ಮ ಅಜ್ಜನ ಕಾಲದಿಂದ ಇದು ಬಯಲರಿ."

ಸುತ್ತ ಕೂತವರೆಲ್ಲ ತಲೆ ಆಡಿಸಿದರು.

ಇತ್ತು. ನಮ್ಮದೇ ಇತ್ತು. ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಹೊಟ್ಟೆ ಒಂದು ಕೋಣೆಯಷ್ಟು ದೊಡ್ಡದು. ಒಳಗೆಲ್ಲ ಹುಲ್ಲು ಒತ್ತಿ, ಜೋಳ ಸುರುವಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮೇಲೆ ನಡೆದವರಿಗೂ ಗೊತ್ತಾಗುವುದಿಲ್ಲ. ಗಟ್ಟಿ ಗರಸಿನಲ್ಲೇ ಅದನ್ನು ತೋಡುವುದು, ತೇವ ಬರಬಾರದೆಂದು. ಸಾಹೇಬರು ಯಾವ ಗುಣ ನೋಡಿ ಆ ನೆಲ ಆರಿಸಿದ್ದರೋ ನಮ್ಮ ಮಾವನ ಅಜ್ಜನೂ ಅದೇ ಗುಣ ನೋಡಿ ಆರಿಸಿದ್ದ. ಮನೆಯ ಸೊಸೆಯಂದಿರಿಗೆ ಅದರ ಸುಳಿವಿರಲಿಲ್ಲ. ಅದು ಗಂಡಸರ ಗುಟ್ಟು.

ಮಾವ ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಒಂದು ನೆಲೆ ಸಿಗುತ್ತಿತ್ತು. ಯುದ್ಧದ ಕಾಲದಲ್ಲಿ ಲೇವಿ ಎಂದು ಸರಕಾರದವರು ಮನೆ ಮನೆಗೆ ಬಂದು ಜೋಳ ಅಳೆದು ಒಯ್ಯುತ್ತಿದ್ದರು. ಬಯಲಿನಲ್ಲಿ ಕಬ್ಬಿಣದ ಸಲಾಕೆ ಚುಚ್ಚಿ ಚುಚ್ಚಿ ಹಗೇವು ಹುಡುಕುತ್ತಿದ್ದರು. ನನ್ನ ತವರಿನಲ್ಲಿ ಬೀಜಕ್ಕೆ ಇಟ್ಟದ್ದನ್ನೂ ಬಿಡದೆ ಒಯ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅಂದಿನಿಂದ ನಮ್ಮ ಕಡೆ ಪ್ಯಾಂಟು ಹಾಕಿದವರು ಹಗೇವು ಎಂದು ಬಾಯಿ ತೆರೆದರೆ ಉತ್ತರ ಒಂದೇ, ಇಲ್ಲ. ಲೇವಿ ಹೋಗಿ ಕಾಲವಾಗಿತ್ತು. ಆದರೆ ಸರಕಾರ ಮತ್ತೆ ಬರುವುದಿಲ್ಲವೆಂದು ಯಾರು ಹೇಳಬೇಕು? ಮಾತು ಬೆಳ್ಳಿ, ಮೌನ ಬಂಗಾರ. ಆ ಬಂಗಾರವನ್ನು ಊರಿಗೆ ಊರೇ ಬಾಯಲ್ಲಿ ಇಟ್ಟುಕೊಂಡು ಕೂತಿತ್ತು.

ಮಾವ ತಮ್ಮಷ್ಟಕ್ಕೆ ಲೆಕ್ಕ ಹಾಕಿದ್ದರಂತೆ. ಕಟ್ಟೆಗೆ ಗೆರೆ ಎಳೆದಾಗ ಹಗೇವಿನ ಬಾಯಿ ಗೆರೆಯ ಹೊರಗೇ ಉಳಿದಿತ್ತು. ಬಾಯಿ ಹೊರಗಿದ್ದರೆ ಆಯಿತು ಎಂದುಕೊಂಡರು. ಹೊಟ್ಟೆ ಕಟ್ಟೆಯ ಕೆಳಗೆ ಎಲ್ಲಿಯ ತನಕ ಹೋಗಿದೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಎಂಜಿನ್ನು ರೈಲಿನಲ್ಲಿ ಹೊಳೆಆಲೂರಿಗೆ ಬಂತು. ಅಲ್ಲಿಂದ ಚಕ್ಕಡಿಯ ಮೇಲೆ ಹಗ್ಗ ಬಿಗಿದು ತಂದರು. ಕಲ್ಲು ಗಜೇಂದ್ರಗಡದ ಗುಡ್ಡದ್ದು. ಕಟ್ಟೆ ಎದ್ದಿತು, ಟಾಕಿ ಕೂತಿತು, ಬಾವಿಯ ಮೆಟ್ಟಿಲು ಗೋಡೆಯ ಹಿಂದೆ ಮರೆಯಾಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಎಂಜಿನ್ನು ಫಟ್ ಫಟ್ ಎಂದಿತು, ನಳದಲ್ಲಿ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬಂತು. ನನ್ನ ನೆಗೆಣ್ಣಿ ಕೊಡ ಇಡುವುದನ್ನು ಮರೆತು ಬೊಗಸೆಯೊಡ್ಡಿ ನಿಂತಳು. ತುಂಬಿದ ಕೊಡವನ್ನು ಮಟ್ಟಸವಾದ ನೆಲದ ಮೇಲೆ ಕುಂಟುತ್ತ ಮನೆಗೆ ತಂದಿಟ್ಟು, "ತಂಗಿ, ಗೋಡಿ ಹಿಡಿಯದನ ನೀರು ತಂದೆ ನೋಡ" ಎಂದಳು. ಆ ಬೇಸಿಗೆಯ ಮೊದಲ ವಾರಗಳಷ್ಟು ಸುಖವಾಗಿ ನಾವು ಎಂದೂ ಇರಲಿಲ್ಲ. ಕೇರಿಯ ಹೆಂಗಸರು ತಮ್ಮ ನಳದ ಮುಂದೆ ಯಾರಿಗೂ ಕೈ ಮುಗಿಯದೆ ಕೊಡ ತುಂಬುತ್ತಿದ್ದರು. ನೆಗೆಣ್ಣಿ ಮಗಳ ಕಾಲು ಒತ್ತಿ ನೋಡುವುದನ್ನು ಬಿಟ್ಟಳು.

ನಳವಿದ್ದ ಮೇಲೆ ನೀರು ಚೆಲ್ಲದೆ ಇರುತ್ತದೆಯೇ? ಚೆಲ್ಲಿದ ನೀರು ಹರಿದುಹೋಗಲೆಂದು ಮಾಡಿದ್ದ ಕಾಲುವೆಯಲ್ಲಿ ದನ ಮಲಗಿ ಕಾಲುವೆ ಮುಚ್ಚಿತು. ಅಗಸಿಯ ಮುಂದೆ ಕೆಸರಾಯಿತು. ಬಿಸಿಲು ಏರಿದಂತೆ ಅಲ್ಲಿ ಒಂದು ಹುಳಿ ವಾಸನೆ ಹಬ್ಬಿತು. ಎಲ್ಲರೂ ಕೆಸರಿನ ನಾತ ಎಂದರು. ಮಾವ ಊಟ ಕಡಿಮೆ ಮಾಡಿದರು. ಹಗಲೆಲ್ಲ ನಳದ ಮುಂದೆ ಹೆಂಗಸರು, ಸೆಕೆಯ ದಿನವಾದ್ದರಿಂದ ಕತ್ತಲಾದ ಮೇಲೆ ಅಲ್ಲೇ ಹಾಸಿಕೊಂಡು ಮಲಗುವ ಗಂಡಸರು. ಯಾರ ಕಣ್ಣಿಗೂ ಬೀಳದಂತೆ ಹಗೇವಿನ ಬಾಯಿ ತೆಗೆಯಲು ಅವರಿಗೆ ಹೊತ್ತೇ ಸಿಗಲಿಲ್ಲ. ಬಾಯಿಬಿಟ್ಟು ಹೇಳಿದ್ದರೆ ಊರಿನವರೆಲ್ಲ ಸೇರಿ ಅರ್ಧ ದಿನದಲ್ಲಿ ಜೋಳ ಹೊತ್ತು, ಟಾಕಿಯ ನೀರು ಬಿಟ್ಟು, ಭಾರ ಇಳಿಸುತ್ತಿದ್ದರು. ಮುದುಕ ಬಾಯಿಬಿಡಲಿಲ್ಲ. ದಿನಾ ಕಟ್ಟೆಯ ಸುತ್ತ ತಿರುಗಿ, ಕಲ್ಲಿನ ಬಿರುಕಿನಲ್ಲಿ ಬೆರಳಿಟ್ಟು ನೋಡಿ ಬರುತ್ತಿದ್ದರು.

ಒಂದು ಮಧ್ಯಾಹ್ನ, ನಾವು ರೊಟ್ಟಿ ಬಡಿಯುತ್ತಿದ್ದಾಗ, ನೆಲ ನಡುಗುವಂಥ ಸದ್ದಾಯಿತು. ಓಡಿಹೋಗಿ ನೋಡಿದರೆ ಕಟ್ಟೆಯ ಒಂದು ಮಗ್ಗುಲು ನೆಲದೊಳಗೆ ಕುಸಿದಿದೆ, ಟಾಕಿ ಅಡ್ಡ ಬಿದ್ದು ಬಾಯಿಬಿಟ್ಟಿದೆ, ಕೊಳವೆ ಸೊಟ್ಟಗಾಗಿ ಮೇಲೆದ್ದಿದೆ. ಅವತ್ತಿನ ಉರಿಬಿಸಿಲಿಗೆ ಹೆದರಿ ಆ ಗಳಿಗೆ ನಳದ ಹತ್ತಿರ ಯಾರೂ ಇರಲಿಲ್ಲ. ಆ ಒಂದು ಪುಣ್ಯಕ್ಕೆ ಹೆಣ ಬೀಳಲಿಲ್ಲ. ಕುಸಿದ ಕುಳಿಯೊಳಗೆ ಟಾಕಿಯ ನೀರೆಲ್ಲ ಇಳಿದು, ಕೊಳೆತ ಜೋಳ ನೊರೆಯೆದ್ದು ಮೇಲೆ ಬರುತ್ತಿತ್ತು. ಮೂಗು ಮುಚ್ಚಿಕೊಳ್ಳದೆ ನಿಲ್ಲಲಾಗುತ್ತಿರಲಿಲ್ಲ.

ಮರುದಿನ ಇಂಜಿನಿಯರ್ ಸಾಹೇಬರು ಬಂದರು. ಕೆಂಪು ಸಾಹೇಬ ಅಷ್ಟರಲ್ಲಿ ತನ್ನ ದೇಶಕ್ಕೆ ಹೋಗಿದ್ದ. ಸಾಹೇಬರು ಕುಳಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ಜೋಳ ನೋಡಿದರು. ಯಾರದು ಎಂದು ಕೇಳಲಿಲ್ಲ.

"ನಾ ಕೇಳಿದ್ನಲ್ರಿ ಯಜಮಾನ್ರ" ಎಂದರು, ಅಷ್ಟೇ.

ಮಾವ ತಾವು ಮೆಟ್ಟಿದ್ದ ಕಾಲ್ಮರಿ ನೋಡುತ್ತ ನಿಂತಿದ್ದರು. ಅದು ನಮ್ಮ ಹಗೇವೆಂದು ಆಗ ನಮಗಿಬ್ಬರಿಗೂ ತಿಳಿಯಿತು. ನೆಗೆಣ್ಣಿ ನನ್ನ ಮುಂಗೈ ಹಿಡಿದಳು. ಬಳೆ ಒಡೆದು ಚುಚ್ಚುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಹೋಗುವಾಗ ಸಾಹೇಬರು ಊರಿಗೆಲ್ಲ ಕೈಮುಗಿದು ಒಂದೇ ಮಾತು ಹೇಳಿದರು: "ಟಾಕಿ ಹೋದ್ರ ಹೋಗ್ಲಿ. ಬಾವಿಗೆ ಗಡಗಡಿ ಹಾಕೀನಿ, ಹಗ್ಗದಾಗ ಸೇದಿ ಕುಡೀರಿ. ಮೆಟ್ಟಿಲ ಗೋಡಿ ಮಾತ್ರ ತಗೀಬ್ಯಾಡ್ರಿ. ಆ ಗೋಡಿ ಇದ್ರ ಟಾಕಿ ಇಲ್ಲದನೂ ನಾರು ಹೋಗತೈತಿ. ನಾ ಮತ್ತ ಬರ್ತೀನಿ."

ಆಗ ಉಳಿದದ್ದು ಆ ಗೋಡೆ ಒಂದೇ. ಒಂದೇ ಗಡಗಡಿ, ಆಳಕ್ಕಿಳಿದ ಬೇಸಿಗೆಯ ನೀರು, ಹಗ್ಗ ಎಳೆದೆಳೆದು ಅಂಗೈ ಸುಲಿದ ಹೆಂಗಸರು, ಪಾಳಿಗಾಗಿ ಜಗಳ. ಆದರೂ ಹೇಗೋ ನಡೆದಿತ್ತು. ಅಷ್ಟರಲ್ಲಿ ಊರಿನ ಒಂದು ದೊಡ್ಡ ಮನೆಯಲ್ಲಿ ಬಾಣಂತಿಯ ಗಂಗಿಪೂಜೆ ಬಂತು. ಹೆತ್ತವಳು ಮೈಲಿಗೆ ಕಳೆದು ಮೊದಲ ಸಲ ನೀರಿಗೆ ಹೋಗಿ, ಗಂಗೆಗೆ ಅರಿಶಿನ ಕುಂಕುಮ ಏರಿಸಿ, ನೀರು ಮುಟ್ಟಿ ಬರಬೇಕು. ಗೋಡೆಯ ಮೇಲಿನಿಂದ ಬಗ್ಗಿ ಪೂಜೆ ಮಾಡುವುದಕ್ಕೆ ಆಗುತ್ತದೆಯೇ? ನಾಲ್ಕು ಕಲ್ಲು ತೆಗೆದು ಪೂಜೆ ಮುಗಿಸಿ ಮತ್ತೆ ಇಡೋಣ ಎಂದು ಹಾರೆ ತಂದರು.

ನನ್ನ ನೆಗೆಣ್ಣಿ ಹೋಗಿ ಗೋಡೆಗೆ ಬೆನ್ನು ಕೊಟ್ಟು, ಮಡಚದ ಕಾಲನ್ನು ಮುಂದೆ ಚಾಚಿ ಕೂತುಬಿಟ್ಟಳು.

"ನಾಕ ಕಲ್ಲು ತಗದ್ರ ನಾಳಿ ನಾಕ ಮಂದಿ ಇಳೀತಾರ್ರಿ. ನಾಡಿದ್ದ ಊರ ಇಳೀತೈತಿ. ನನ್ನ ಕಾಲು ನೋಡ್ರಿ. ಇದನ್ನ ನೋಡಿಯರ ಬಿಡ್ರಿ ಯವ್ವಾ" ಎಂದಳು.

"ಗಂಗಮ್ಮನ್ನ ಬಂದ್ ಮಾಡಿದ್ದಕ್ಕ ಟಾಕಿ ಬಿತ್ತು" ಎಂದು ಯಾರೋ ಅಂದರು. ಅದು ಎಲ್ಲರಿಗೂ ರುಚಿಸಿತು. ಹಗೇವಿಗಿಂತ ಗಂಗಮ್ಮನ ಮೇಲೆ ತಪ್ಪು ಹೊರಿಸುವುದು ಸುಲಭ. ಕೊನೆಗೆ ನಮ್ಮ ಅತ್ತೆಯೇ ಬಂದು ಸೊಸೆಯ ರಟ್ಟೆ ಹಿಡಿದು, "ಮನಿ ಮಾನಾ ಕಳೀಬ್ಯಾಡ, ಏಳ" ಎಂದು ಎಬ್ಬಿಸಿದರು. ನಾನೂ ಅವಳೂ ಮನೆಗೆ ಬಂದೆವು. ಹಾರೆಯ ಸದ್ದು ಮನೆಯ ತನಕ ಕೇಳುತ್ತಿತ್ತು. ತೆಗೆದ ಕಲ್ಲುಗಳನ್ನು ಯಾರೂ ಮತ್ತೆ ಇಡಲಿಲ್ಲ. ವಾರ ಕಳೆಯುವುದರೊಳಗೆ ಉಳಿದ ಗೋಡೆಯೂ ಹೋಯಿತು, ಅದರ ಕಲ್ಲು ಯಾರದೋ ದನದ ಕೊಟ್ಟಿಗೆಗೆ ಹೋಯಿತು. ನಾರು ಆದವರು ಮತ್ತೆ ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲು ಆಡಿಸಿದರು.

ನೆಗೆಣ್ಣಿ ಮನೆಯಲ್ಲಿ ಸೋಸುವುದನ್ನು ಬಿಡಲಿಲ್ಲ. ಅರಿವೆ ತೂತಾದರೆ ಇನ್ನೊಂದು ಸೀರೆ ಹರಿಯುತ್ತಿದ್ದಳು. ಆದರೆ ಆಡುವ ಕೂಸನ್ನು ಎಲ್ಲೆಂದು ಕಾಯುವುದು? ಹೊಲದಲ್ಲಿ ಯಾರದೋ ನೀರಿನ ತತ್ರಾಣಿಯಿಂದ ಕುಡಿದಿತ್ತೋ, ಓರಗೆಯ ಮಕ್ಕಳ ಜೊತೆ ಬಾವಿಗಿಳಿದು ಬೊಗಸೆಯಲ್ಲಿ ಕುಡಿದಿತ್ತೋ, ಶಿವನೇ ಬಲ್ಲ.

ಮರುವರ್ಷದ ಬೇಸಿಗೆ. ಪಡಸಾಲೆಯಲ್ಲಿ ಮಾವ ಹಗ್ಗ ಹೊಸೆಯುತ್ತಿದ್ದರು. ಕೂಸು ಹೊರಗಿನಿಂದ ಕುಂಟುತ್ತ ಬಂದು, "ಅವ್ವಾ, ಕಾಲು ಉರೀತೈತಿ" ಎಂದಿತು. ಬಲ ಪಾದದ ಗೆಣ್ಣಿನ ಮೇಲೆ ಒಂದು ಬೊಬ್ಬೆ. ನೆಗೆಣ್ಣಿ ಅದನ್ನು ನೋಡಿದಳು. ಕೂಸು ಉರಿ ತಾಳದೆ, "ಬಾವಿಗೆ ಹೋಗೂಣ, ನೀರಾಗ ಇಡೂಣ" ಎಂದು ಅಳತೊಡಗಿತು. ನೆಗೆಣ್ಣಿ ಅದನ್ನು ಎದೆಗೆ ಅವಚಿಕೊಂಡು, "ಬ್ಯಾಡ, ನನ್ನ ಬಂಗಾರ, ಅಲ್ಲಿ ಬ್ಯಾಡ" ಎನ್ನುತ್ತಿದ್ದಳು. ಕೂಸು ಅವಳ ಕೈ ಕಚ್ಚಿತು. ಅವಳು ಬಿಡಲಿಲ್ಲ.

ಮಾವ ಎದ್ದು ಬಂದು ನಿಂತರು. ಆ ಮನೆಯಲ್ಲಿ ಸೊಸೆಯಂದಿರು ಮಾವನ ಎದುರು ಬಾಯಿ ತೆರೆದದ್ದಿಲ್ಲ. ಹೇಳಬೇಕಾದದ್ದನ್ನು ಅತ್ತೆಯ ಮೂಲಕ ಹೇಳುವುದು ರೂಢಿ. ನೆಗೆಣ್ಣಿ ತಲೆಯ ಸೆರಗು ಜಾರಿದ್ದನ್ನು ಸರಿಮಾಡಿಕೊಳ್ಳಲಿಲ್ಲ. ಮುಖ ಎತ್ತಿ ನೇರ ಅವರನ್ನೇ ನೋಡಿದಳು.

"ಮಾವಾರ, ಸಾಹೇಬ್ರು ಮತ್ತ ಬಂದು ಕೇಳಿದ್ರ ಏನ ಹೇಳ್ತೀರಿ? ನಿಮ್ಮ ಮನ್ಯಾಗ ನಾರು ಐತೇನ್ರಿ ಅಂತ ಕೇಳಿದ್ರ? ಇಲ್ಲ ಅಂತೀರೇನು?"

ಮುದುಕ ನೆಲಕ್ಕೆ ಕುಸಿದು ಕೂತರು. ಮೊಮ್ಮಗಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಐತಿ ಅಂತೀನಿ ಯವ್ವಾ" ಎಂದರು. "ಐತಿ ಅಂತೀನಿ. ಎಲ್ಲಾ ಹೇಳ್ತೀನಿ."

ಅಂದಿನಿಂದ ಅವರು ದಿನಾ ಬೆಳಿಗ್ಗೆ ಅಗಸಿಗೆ ಹೋಗಿ, ಬಿದ್ದ ಟಾಕಿಯ ಮಗ್ಗುಲಲ್ಲಿ, ರೋಣದ ದಾರಿಗೆ ಮುಖ ಮಾಡಿ ಕೂಡುತ್ತಿದ್ದರು. ಸಾಹೇಬರಿಗೆ ಎಲ್ಲಿಗೋ ವರ್ಗವಾಯಿತೆಂದು ಆಮೇಲೆ ಸುದ್ದಿ ಬಂತು. ಕೇಳುವುದಕ್ಕೆ ಯಾರೂ ಬರಲಿಲ್ಲ.